ಮಕ್ಕಳ ಕೂಲಿಗೆ ಅಂಚೆ ಪಾಸ್‌ಬುಕ್: ಒಂದೂವರೆ ವರ್ಷ ಬಳಸಿ ನೋಡಿದ ಮೇಲೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಲ್ಲಿ ನಮಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಸಾಕುವ ಹುಳು ಮನೆಯಿದೆ, ಎರಡು ಸೀಮೆಹಸುಗಳಿವೆ. ಮಗಳಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾಳೆ. ಮಗನಿಗೆ 15, ಹತ್ತನೇ ತರಗತಿ. ಇಬ್ಬರೂ ತೋಟದಲ್ಲಿ ಮತ್ತು ಹುಳು ಮನೆಯಲ್ಲಿ ಮಾಡುವ ಕೆಲಸಕ್ಕೆ ಕೂಲಿ ಕೊಡಬೇಕೆಂದು ಒಂದೂವರೆ ವರ್ಷದ ಹಿಂದೆ ನಾನೂ ನನ್ನ ಯಜಮಾನರೂ ನಿರ್ಧರಿಸಿದೆವು. ಆ ಕೂಲಿಯನ್ನು ಹಾಕುವುದಕ್ಕೆಂದೇ ಅಂಚೆ ಕಚೇರಿಯಲ್ಲಿ ಇಬ್ಬರ ಹೆಸರಿಗೂ ಬೇರೆ ಬೇರೆ ಉಳಿತಾಯ ಖಾತೆ ಮಾಡಿಸಿದೆವು. ಇದು ಆ ಖಾತೆಯ ವಿಮರ್ಶೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಬಡ್ಡಿ ಎಷ್ಟು ಬರುತ್ತದೆ ಎಂಬುದನ್ನು ಮುಖ್ಯವಾಗಿ ನೋಡಿ ಕೊಟ್ಟ ಅಂಕವಲ್ಲ ಇದು. ಮಕ್ಕಳಿಗೆ ಕೊಟ್ಟ ಹಣ ಕೊಟ್ಟ ಮೇಲೆ ನಿಜವಾಗಿಯೂ ಮಕ್ಕಳದ್ದಾಗಿ ಉಳಿಯುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಳೆದಿದ್ದೇನೆ.

ಆ ಪ್ರಶ್ನೆ ಹುಟ್ಟಿದ್ದು ನನ್ನದೇ ತಪ್ಪಿನಿಂದ. ಮೊದಲು ರೇಷ್ಮೆ ಗೂಡು ಮಾರಿದ ದಿನ ಮಾರುಕಟ್ಟೆಯಿಂದ ನೋಟುಗಳ ಕಟ್ಟು ಮನೆಗೆ ಬರುತ್ತಿತ್ತು, ಅದರಲ್ಲಿ ಒಂದೆರಡು ನೋಟು ಮಕ್ಕಳ ಕೈಗೂ ಹೋಗುತ್ತಿತ್ತು, ಅವರು ಅದನ್ನು ಮಣ್ಣಿನ ಹುಂಡಿಗೆ ಹಾಕುತ್ತಿದ್ದರು. ಈಗ ಹರಾಜಿನ ಹಣ ನೇರವಾಗಿ ಯಜಮಾನರ ಬ್ಯಾಂಕ್ ಖಾತೆಗೆ ಬರುತ್ತದೆ. ಅದು ಒಳ್ಳೆಯ ವ್ಯವಸ್ಥೆಯೇ ಆದರೂ ಮಕ್ಕಳ ಪಾಲು ಎಲ್ಲಿ ಮಾಯವಾಯಿತು ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಹುಂಡಿಯ ಕಥೆಯಂತೂ ಹೇಳಿಕೊಳ್ಳುವಂಥದ್ದಲ್ಲ. ಹಸುವಿನ ಹಿಂಡಿಗೆ, ಗ್ಯಾಸ್ ಸಿಲಿಂಡರಿಗೆ, ಚೀಟಿಯ ಕಂತಿಗೆ ಎಂದು ಅದರ ಬಾಯಿಯಿಂದ ಹೇರ್‌ಪಿನ್ನಿನಲ್ಲಿ ನೋಟು ಎಳೆದವಳು ನಾನೇ. ಆಮೇಲೆ ಹಾಕಿದರಾಯಿತು ಎಂದುಕೊಂಡು ಮರೆತವಳೂ ನಾನೇ. ಗೌರಿ ಹಬ್ಬಕ್ಕೆ ಮಗಳು ಹುಂಡಿ ಒಡೆದಾಗ ತಾನು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದ ಲೆಕ್ಕಕ್ಕೂ ನೆಲದ ಮೇಲೆ ಬಿದ್ದ ಹಣಕ್ಕೂ 1,400 ರೂಪಾಯಿ ವ್ಯತ್ಯಾಸವಿತ್ತು. ಅವಳು ಜಗಳವಾಡಲಿಲ್ಲ. ಚೂರುಗಳನ್ನು ಮೊರಕ್ಕೆ ಬಳಿದುಕೊಂಡು ಹೋಗಿ ತಿಪ್ಪೆಗೆ ಹಾಕಿ ಬಂದಳು. ಜಗಳವಾಡಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲವೋ ಏನೋ.

ಖಾತೆಯ ವಿಷಯಕ್ಕೆ ಬರುವ ಮೊದಲು ಕೂಲಿಯ ವಿಷಯವನ್ನು ಹೇಳಲೇಬೇಕು, ಏಕೆಂದರೆ ಖಾತೆಗೆ ಏನು ಬೀಳಬೇಕೆಂಬುದು ಗೊತ್ತಾಗದೆ ಖಾತೆಯ ಬೆಲೆ ಗೊತ್ತಾಗುವುದಿಲ್ಲ. ಯಾವ ಕೆಲಸಕ್ಕೆ ಕೂಲಿ, ಯಾವುದಕ್ಕಿಲ್ಲ ಎಂಬ ಚರ್ಚೆ ನಮ್ಮ ಮನೆಯಲ್ಲಿ ಮೂರು ರಾತ್ರಿ ನಡೆಯಿತು. ಕೊನೆಗೆ ನಿಂತದ್ದು ಹೀಗೆ: ಮಕ್ಕಳು ಮಾಡದಿದ್ದರೆ ಹೊರಗಿನ ಆಳನ್ನು ಕರೆಯಬೇಕಾಗುತ್ತಿದ್ದ ಕೆಲಸಕ್ಕೆ ಕೂಲಿ ಉಂಟು; ಈ ಮನೆಯಲ್ಲಿ ಉಂಡು ಮಲಗುವವರೆಲ್ಲರೂ ಮಾಡಬೇಕಾದ ಕೆಲಸಕ್ಕೆ ಕೂಲಿ ಇಲ್ಲ. ಸೊಪ್ಪು ಕೊಯ್ಯುವುದು, ಹುಳುವಿಗೆ ಸೊಪ್ಪು ಹಾಕುವುದು, ಹಾಸು ತೆಗೆಯುವುದು, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳು ಆಯ್ದು ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಡುವುದು, ಗೂಡು ಬಿಡಿಸುವುದು ಮೊದಲನೆಯ ಗುಂಪಿಗೆ ಸೇರಿದವು. ತಟ್ಟೆ ತೊಳೆಯುವುದು, ನೀರು ಹಿಡಿಯುವುದು, ಅಂಗಳ ಗುಡಿಸುವುದು, ಅಜ್ಜಿಗೆ ಮಾತ್ರೆ ಕೊಡುವುದು ಎರಡನೆಯದಕ್ಕೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮಗಳು ಒಂದು ವಾರ ಸುಮ್ಮನಿದ್ದು ಆಮೇಲೆ ಹೇಳಿದಳು: “ಅಮ್ಮ, ಕೂಲಿ ಇಲ್ಲದ ಕೆಲಸ ಎಲ್ಲ ನನ್ನ ಪಾಲಿಗೇ ಬಂದಿದೆ ನೋಡು. ಅವನು ಸೊಪ್ಪು ಕೊಯ್ದು ದುಡ್ಡು ಎಣಿಸ್ತಾನೆ, ನಾನು ಅವನ ತಟ್ಟೆ ತೊಳೀತೀನಿ.” ಎಣಿಸಿ ನೋಡಿದರೆ ಮಾತು ಸತ್ಯವಾಗಿತ್ತು. ಅಂದಿನಿಂದ ಕೂಲಿ ಇಲ್ಲದ ಕೆಲಸಗಳಿಗೂ ಪಾಳಿ ಹಾಕಿದೆವು. ಒಂದು ವಾರ ಅವನು ಪಾತ್ರೆ ಉಜ್ಜುತ್ತಾನೆ, ಒಂದು ವಾರ ಅವಳು. ನನ್ನ ಅತ್ತೆಯವರು ಈಗಲೂ ಮೊಮ್ಮಗನ ಕೈಯಲ್ಲಿ ಪಾತ್ರೆಯ ಗುಂಜು ಕಂಡರೆ ಮುಖ ತಿರುಗಿಸುತ್ತಾರೆ.

ದರ ಗೊತ್ತುಮಾಡುವುದು ಇನ್ನೂ ಕಷ್ಟವಾಯಿತು. ನಮ್ಮ ಊರಿನಲ್ಲಿ ಆಗ ದಿನಕ್ಕೆ ಗಂಡಾಳಿಗೆ 600, ಹೆಣ್ಣಾಳಿಗೆ 400 ನಡೆಯುತ್ತಿತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 75 ಮತ್ತು 50. ಯಜಮಾನರು ಹಾಗೆಯೇ ಬರೆದುಕೊಳ್ಳಲು ಹೊರಟಾಗ ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪ, ನನಗೆ ಹೆಣ್ಣಾಳಿನ ಕೂಲಿಯೋ, ಆಳಿನ ಕೂಲಿಯೋ?” ಒಂದೇ ಬಗೆಯ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಕೂಲಿ ಕೊಡಬಾರದೆಂದು 1976ರಲ್ಲಿಯೇ ಸಮಾನ ವೇತನ ಕಾಯ್ದೆ ಬಂದಿರುವುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ, ಊರಿನಲ್ಲಿ ನಡೆಯುವುದನ್ನು ನೋಡಿ ನೋಡಿ ಕಣ್ಣು ಒಗ್ಗಿಹೋಗಿತ್ತು, ಅಷ್ಟೆ. ಇಬ್ಬರಿಗೂ ನಡುವಿನ 60 ಎಂದು ನಾನು ರಾಜಿ ಮಾಡಲು ಹೋದೆ. ಮಗ ಒಪ್ಪಲಿಲ್ಲ, ಅಕ್ಕನಿಗೆ ಹೆಚ್ಚು ಕೊಡುವುದಕ್ಕೆ ತನ್ನದನ್ನು ಏಕೆ ಮುರಿಯಬೇಕು ಎಂದ, ಅದೂ ಸರಿಯೇ. ಕಡೆಗೆ ಕೆಲಸ ಬಲ್ಲವರಿಗೆ ಗಂಟೆಗೆ 75, ಕಲಿಯುತ್ತಿರುವವರಿಗೆ ಕಲಿಯುವ ತನಕ 50 ಎಂದಾಯಿತು. ಇದರಿಂದ ಒಂದು ತಮಾಷೆಯೂ ನಡೆಯಿತು. ಹಣ್ಣಾದ ಹುಳುವನ್ನು ಆಯುವುದರಲ್ಲಿ ಮಗಳದ್ದು ಪಳಗಿದ ಕೈ: ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸುತ್ತಿರುವುದನ್ನು, ಮೈ ಹಳದಿಗೆ ತಿರುಗಿ ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವುದನ್ನು ಅವಳು ಒಂದು ನೋಟದಲ್ಲಿ ಗುರುತಿಸುತ್ತಾಳೆ. ಮಗ ಹಸಿ ಹುಳುವನ್ನೂ ಸೇರಿಸಿ ಚಂದ್ರಿಕೆಗೆ ಬಿಟ್ಟುಬಿಡುತ್ತಾನೆ. ಹಾಗಾಗಿ ಆ ಕೆಲಸದಲ್ಲಿ ಎರಡು ಬೆಳೆಯ (ಎರಡು ಸಲ ಹುಳು ಸಾಕಿ ಗೂಡು ಬಿಡಿಸುವ) ತನಕ ಅವಳಿಗೆ 75, ಅವನಿಗೆ 50.

ಊಟ, ಬಟ್ಟೆ, ಶಾಲೆಯ ಖರ್ಚನ್ನೆಲ್ಲ ಕೂಲಿಯಲ್ಲಿ ಮುರಿದುಕೊಳ್ಳಬೇಕಲ್ಲವೇ ಎಂದು ನೆಂಟರೊಬ್ಬರು ಕೇಳಿದರು. ಕೂಲಿಗೆ ಬರುವ ಅಕ್ಕನಿಗೂ ಮಧ್ಯಾಹ್ನ ಮುದ್ದೆ ಸಾರು, ಎರಡು ಹೊತ್ತು ಟೀ ಕೊಡುತ್ತೇವೆ; ಅದನ್ನು ಅವಳ ಕೂಲಿಯಲ್ಲಿ ಎಂದೂ ಮುರಿದಿಲ್ಲ. (ಮಗಳ ಪ್ರಶ್ನೆಯ ನಂತರ ಆ ಅಕ್ಕನಿಗೆ 400 ಕೊಡುವುದಕ್ಕೆ ನಮಗೇ ನಾಚಿಕೆಯಾಗಿ 500 ಮಾಡಿದೆವು. ಅದಿನ್ನೂ 600 ಆಗಿಲ್ಲ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.)

ಕಾನೂನಿನ ಗೆರೆಯನ್ನೂ ತಿಳಿದುಕೊಂಡೆವು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳು ಮನೆಯವರ ಕಸುಬಿನಲ್ಲಿ, ಅಪಾಯವಿಲ್ಲದ ಕೆಲಸಕ್ಕೆ, ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ ನೆರವಾಗಬಹುದು. 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಹದಿಹರೆಯದವರನ್ನು ಹೊರಗೆ ಕೆಲಸಕ್ಕೆ ಇಟ್ಟುಕೊಂಡವರು ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸಬಾರದು, ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ದುಡಿಸಬಾರದು ಎಂಬ ನಿಯಮವೂ ಅದೇ ಕಾಯ್ದೆಯಲ್ಲಿದೆ. ಹುಳು ಮನೆ ತೊಳೆದು ಬ್ಲೀಚಿಂಗ್ ಪುಡಿ, ಸುಣ್ಣ ಹೊಡೆಯುವ ಕೆಲಸವನ್ನು ಮಕ್ಕಳಿಗೆ ಕೊಡುವುದಿಲ್ಲ, ಅದು ಯಜಮಾನರದ್ದು. ಮೂರು ಗಂಟೆಯ ಮಿತಿಯನ್ನು ಪಾಲಿಸುತ್ತೇವೆ. ರಾತ್ರಿಯ ಮಿತಿಯನ್ನು ಮಾತ್ರ ಬೆಳೆಗೊಂದು ದಿನ ಮೀರುತ್ತೇವೆ, ಏಕೆಂದರೆ ಹುಳು ಹಣ್ಣಾಗುವುದಕ್ಕೆ ಗಡಿಯಾರ ನೋಡುವುದಿಲ್ಲ. ಅಂದು ಒಂಬತ್ತಕ್ಕೆ ಮಕ್ಕಳು ಮಲಗಲೇಬೇಕು, ಏಳರ ನಂತರದ ಗಂಟೆಗಳಿಗೆ ಒಂದೂವರೆ ಪಟ್ಟು ಕೂಲಿ. ಪರೀಕ್ಷೆಯ ತಿಂಗಳು ಕೆಲಸವೇ ಇಲ್ಲ.

ಇನ್ನು ಹಣ ಹಾಕುವುದೆಲ್ಲಿ ಎಂಬ ಪ್ರಶ್ನೆ. ಮೊದಲು ಹದಿಹರೆಯದವರಿಗೆಂದೇ ಮಾಡಿರುವ ಒಂದು ಪ್ರಿಪೇಯ್ಡ್ ಕಾರ್ಡಿನ ಆ್ಯಪ್ ಹಾಕಿಸಿದೆವು, ಹೆಸರು ಬೇಡ. ಕಾರ್ಡು ಚೆನ್ನಾಗಿಯೇ ಇತ್ತು, ಮಗನಿಗೆ ತನ್ನ ಹೆಸರು ಅಚ್ಚಾಗಿ ಬಂದದ್ದೇ ದೊಡ್ಡ ಸಂಭ್ರಮ. ಆದರೆ ಮಕ್ಕಳು ಎಲ್ಲಿ ಎಷ್ಟು ಖರ್ಚು ಮಾಡಿದರೂ ಆ ಕ್ಷಣವೇ ನನ್ನ ಫೋನಿಗೆ ಸಂದೇಶ ಬರುತ್ತಿತ್ತು, ಸಂದೇಶ ಬಂದ ಮೇಲೆ ಕೇಳದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಗೋಬಿಗೆ 60 ಏಕೆ, ಆಟದ ಆ್ಯಪ್‌ಗೆ 99 ಏಕೆ ಎಂಬ ಪ್ರಶ್ನೆಗಳಿಂದ ಮನೆಯಲ್ಲಿ ದಿನವೂ ರಗಳೆ. “ಕೂಲಿ ಕೊಟ್ಟ ಮೇಲೂ ಲೆಕ್ಕ ಕೇಳೋದಾದ್ರೆ ಅದು ಕೂಲಿ ಹೇಗಾಗುತ್ತೆ?” ಎಂದು ಮಗಳು ಕೇಳಿದಳು. ಆಮೇಲೆ ಫೋನ್ ನಂಬರ್ ಬದಲಾದಾಗ ಕಾರ್ಡಿನಲ್ಲಿದ್ದ ಹಣ ಮೂರು ವಾರ ಸಿಕ್ಕಿಬಿತ್ತು. ಸಹಾಯ ಕೇಳಬೇಕಾದರೆ ಇಂಗ್ಲಿಷಿನಲ್ಲಿ ಚಾಟ್ ಮಾಡಬೇಕಾಗಿತ್ತು. ಅಲ್ಲಿಗೆ ಅದನ್ನು ಬಿಟ್ಟೆವು.

ಯುಪಿಐ ಸರ್ಕಲ್ ಎಂಬ ಸೌಲಭ್ಯ 2024ರಲ್ಲಿ ಬಂತು. ತಂದೆ ಅಥವಾ ತಾಯಿಯ ಖಾತೆಯಿಂದಲೇ ಮನೆಯ ಇನ್ನೊಬ್ಬರು ತಮ್ಮ ಫೋನಿನಲ್ಲಿ ಪಾವತಿ ಮಾಡಬಹುದು. ಪೂರ್ಣ ಅಧಿಕಾರ ಕೊಟ್ಟರೂ ತಿಂಗಳಿಗೆ 15,000 ರೂಪಾಯಿ ಮಿತಿ. ಅಂಗಡಿಗೆ ಕಳಿಸುವಾಗ ಬಹಳ ಅನುಕೂಲ. ಆದರೆ ಅದರಲ್ಲಿ ಖರ್ಚಾಗುವುದು ನನ್ನ ಹಣ, ಉಳಿಯುವುದೂ ನನ್ನ ಹಣ. ಖರ್ಚು ಮಾಡಲು ಕೊಟ್ಟ ಅನುಮತಿಯನ್ನು ದುಡಿದ ಕೂಲಿಯೆಂದು ಕರೆಯಲಾಗದು. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು, ಬ್ಯಾಂಕುಗಳು ಹಾಕುವ ಮಿತಿಗೊಳಪಟ್ಟು, ಅವಕಾಶ ಕೊಡಬಹುದೆಂದು ತಿಳಿಸಿದೆ. ನಾವು ವಿಚಾರಿಸಿದ ಒಂದು ಶಾಖೆಯಲ್ಲಿ ಮಾತ್ರ ತಂದೆಯ ಸಹಿ ಇಲ್ಲದೆ ಆಗುವುದಿಲ್ಲ ಎಂದು ಅರ್ಜಿಯನ್ನು ವಾಪಸ್ ಕೊಟ್ಟರು. ಒತ್ತಾಯ ಮಾಡಿದ್ದರೆ ಆಗುತ್ತಿತ್ತೇನೋ. ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಏಳುವ ಹೊತ್ತಿನಲ್ಲಿ ಪದೇ ಪದೇ ಪೇಟೆಗೆ ಹೋಗಿ ವಾದ ಮಾಡಲು ಯಾರಿಗೆ ಬಿಡುವಿರುತ್ತದೆ?

ಅಂಚೆ ಕಚೇರಿಯಲ್ಲಿ ಈ ವಾದವೇ ಬರಲಿಲ್ಲ. 10 ವರ್ಷ ದಾಟಿದ ಮಗು ತನ್ನ ಹೆಸರಿನಲ್ಲಿಯೇ ಖಾತೆ ತೆರೆದು, ತಾನೇ ಸಹಿ ಮಾಡಿ ನಡೆಸಬಹುದೆಂಬುದು ಅಲ್ಲಿನ ಉಳಿತಾಯ ಖಾತೆಯ ನಿಯಮದಲ್ಲಿಯೇ ಇದೆ. ಒಬ್ಬರಿಗೆ ಒಂದೇ ಖಾತೆ. ಆಧಾರ್, ಹುಟ್ಟಿದ ದಿನಾಂಕದ ದಾಖಲೆ, ಫೋಟೊ ಮತ್ತು 500 ರೂಪಾಯಿ ತೆಗೆದುಕೊಂಡು ಹೋದೆವು. ಊರಿನ ಶಾಖಾ ಅಂಚೆ ಕಚೇರಿಯ ಮೇಲೆ ನನಗೆ ಇರುವ ಪಕ್ಷಪಾತವನ್ನು ಇಲ್ಲಿ ಮುಚ್ಚಿಡುವುದಿಲ್ಲ: ಅದು ಮನೆಯಿಂದ ಕೂಗಳತೆ ದೂರದಲ್ಲಿದೆ, ಅಲ್ಲಿಗೆ ಮಕ್ಕಳು ಚಪ್ಪಲಿ ಹಾಕಿಕೊಂಡು ನಡೆದೇ ಹೋಗುತ್ತಾರೆ, ನಾನು ಜೊತೆಯಲ್ಲಿ ಹೋಗಬೇಕಾಗಿಲ್ಲ. ಹಣ ಕಟ್ಟಲು ಎಸ್‌ಬಿ-103 ಚೀಟಿ, ತೆಗೆಯಲು ಎಸ್‌ಬಿ-7 ಫಾರಂ. ಎರಡನ್ನೂ ತುಂಬುವುದನ್ನು ಮಗ ಒಂದೇ ದಿನದಲ್ಲಿ ಕಲಿತ. ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ‘ಸಾವಿರದ ಆರುನೂರ ಐವತ್ತು’ ಎಂಬುದಕ್ಕೆ ಜಾಗ ಸಾಲದೆ ಕೊನೆಯ ಅಕ್ಷರಗಳನ್ನು ಇರುವೆ ಸಾಲಿನಂತೆ ಇಕ್ಕಟ್ಟಾಗಿ ಬರೆಯುತ್ತಾನೆ.

ಆ ಸಾವಿರದ ಆರುನೂರ ಐವತ್ತು ಅವನ ಒಂದು ಬೆಳೆಯ ದುಡಿಮೆ, 22 ಗಂಟೆ. ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳು ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಅಡುಗೆಮನೆಯ ಬಾಗಿಲ ಹಿಂದೆ ಒಂದು ನೋಟುಪುಸ್ತಕ ತೂಗುತ್ತಿರುತ್ತದೆ. ದಿನಾಂಕ, ಕೆಲಸ, ಗಂಟೆ, ದರ; ಮಾಡಿದವರು ಬರೆಯಬೇಕು, ನೋಡಿದವರು ಸಹಿ ಹಾಕಬೇಕು. ಗೂಡು ಮಾರಿದ ಎರಡು ದಿನದೊಳಗೆ ಕೂಲಿ ಕೊಡಬೇಕು. ಧಾರಣೆ ಬಿದ್ದರೂ ಕೂಲಿ ಬೀಳುವಂತಿಲ್ಲ, ಏಕೆಂದರೆ ಬೆಳೆಯ ನಷ್ಟವನ್ನು ಹೊರಗಿನ ಆಳಿನ ಮೇಲೆ ಹಾಕುತ್ತೇವೆಯೇ? ಒಂದು ಬೆಳೆಯಲ್ಲಿ ಹುಳುವಿಗೆ ರೋಗ ಬಂದು ಅರ್ಧಕ್ಕರ್ಧ ಹೋದಾಗಲೂ ಕೊಟ್ಟೆವು. ಆ ಸಲ ಕೊಡುವುದು ಕಷ್ಟವಾಯಿತು.

ಖಾತೆಯ ಬಡ್ಡಿ ವರ್ಷಕ್ಕೆ ಶೇಕಡಾ 4. ಹೆಚ್ಚೇನಲ್ಲ. ಬಡ್ಡಿಯ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಮೊದಲೇ ತಿಳಿದುಕೊಂಡರೆ ಲಾಭ: ಪ್ರತಿ ತಿಂಗಳ 10ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ. ಅಂದರೆ 9ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಉಂಟು, 12ಕ್ಕೆ ಕಟ್ಟಿದ್ದಕ್ಕೆ ಇಲ್ಲ. ಆ ಅವಧಿಯಲ್ಲಿ ಮೊತ್ತ 500ಕ್ಕಿಂತ ಕೆಳಗೆ ಇಳಿದರೆ ಆ ತಿಂಗಳು ಬಡ್ಡಿಯೇ ಇಲ್ಲ. ಇದನ್ನು ನಾನು ಮಗನಿಗೆ ಒಮ್ಮೆ ವಿವರಿಸಿದೆ, ಅದರ ಫಲವನ್ನು ಮುಂದೆ ಅನುಭವಿಸಿದೆ.

ಕತ್ತರಿಸಿಕೊಂಡ ಒಂದು ಅಂಕ ಎಲ್ಲಿ ಹೋಯಿತೆಂದರೆ, ಆರ್ಥಿಕ ವರ್ಷದ ಕೊನೆಗೆ ಖಾತೆಯಲ್ಲಿ 500 ಇರದಿದ್ದರೆ 50 ರೂಪಾಯಿ ಮುರಿದುಕೊಳ್ಳುವ ನಿಯಮ ಮಕ್ಕಳ ಖಾತೆಗೂ ಅನ್ವಯಿಸುತ್ತದೆ. ಒಂದು ಗಂಟೆ ಸೊಪ್ಪು ಕೊಯ್ದು 75 ಗಳಿಸುವವನಿಗೆ 50 ಎಂಬುದು 40 ನಿಮಿಷದ ಬೆವರು. ಭಾನುವಾರ ಕಚೇರಿ ಇರುವುದಿಲ್ಲ. ವಾರದ ದಿನಗಳಲ್ಲಿ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಶಾಖಾ ಕಚೇರಿಯ ವೇಳೆ ಮುಗಿದಿರುತ್ತದೆ. ಉಳಿಯುವುದು ಶನಿವಾರ ಒಂದೇ. 18 ತುಂಬಿದ ಮೇಲೆ ಹೊಸದಾಗಿ ಅರ್ಜಿ, ಗುರುತಿನ ದಾಖಲೆ ಕೊಟ್ಟು ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು, ಮಗಳಿಗೆ ಆ ಕೆಲಸ ಹತ್ತಿರ ಬಂದಿದೆ. ಸಹಿಯ ವಿಷಯದಲ್ಲಿ ಮಗ ಪಟ್ಟ ಪಾಡು ಮಾತ್ರ ನಿಯಮದ ತಪ್ಪಲ್ಲ. ಖಾತೆ ತೆರೆಯುವಾಗ ದುಂಡಗೆ ಕನ್ನಡದಲ್ಲಿ ಹೆಸರು ಬರೆದಿದ್ದವನು, ಆರು ತಿಂಗಳಲ್ಲಿ ಕ್ರಿಕೆಟ್ ಆಟಗಾರರಂತೆ ಕೆಳಗೆ ಎರಡು ಗೆರೆ ಎಳೆದು ಚುಕ್ಕೆ ಇಡುವ ಹೊಸ ಸಹಿ ರೂಢಿಸಿಕೊಂಡಿದ್ದ. ಫಾರಂ ವಾಪಸ್ ಬಂತು. ಹಳೆಯ ಸಹಿಯನ್ನೇ ಮತ್ತೆ ಅಭ್ಯಾಸ ಮಾಡಿಕೊಂಡು ಮುಂದಿನ ಶನಿವಾರ ಹೋದ.

ಮಗಳು ಅದೇ ಕಚೇರಿಯಲ್ಲಿ ತಿಂಗಳಿಗೆ 300 ರೂಪಾಯಿಯ ಆರ್‌ಡಿಯನ್ನೂ (ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ) ಮಾಡಿಕೊಂಡಿದ್ದಾಳೆ. ಕನಿಷ್ಠ 100ರಿಂದ ಶುರು ಮಾಡಬಹುದು, ಅವಧಿ ಐದು ವರ್ಷ, ಬಡ್ಡಿ 2023ರ ಅಕ್ಟೋಬರ್‌ನಲ್ಲಿ ಶೇಕಡಾ 6.7ಕ್ಕೆ ಏರಿದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಬೆಳೆ ಬಂದಾಗ ಕೂಲಿ, ಬರದಾಗ ಇಲ್ಲ ಎಂಬ ನಮ್ಮಂಥ ಮನೆಯಲ್ಲಿ ತಿಂಗಳು ತಿಂಗಳು ಕಂತು ಕಟ್ಟುವುದು ಮಕ್ಕಳಿಗೆ ಹೊರೆಯಾಗಬಹುದು. ಉಳಿತಾಯ ಖಾತೆಯಲ್ಲಿ ಮೂರು ಕಂತಿನಷ್ಟು ಹಣ ಸೇರಿದ ಮೇಲೆಯೇ ಅವಳು ಇದಕ್ಕೆ ಕೈ ಹಾಕಿದ್ದು. ತೆರಿಗೆ ಕಟ್ಟುವ ಮನೆಯವರಿಗೆ ಒಂದು ಮಾತು: ಅಪ್ರಾಪ್ತ ಮಕ್ಕಳು ಮೈಮುರಿದು ದುಡಿದ ಹಣ ತಂದೆತಾಯಿಯ ಆದಾಯಕ್ಕೆ ಸೇರುವುದಿಲ್ಲ, ಆ ಹಣಕ್ಕೆ ಬಂದ ಬಡ್ಡಿ ಸೇರುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಳೆದ ಬೆಳೆಯ ಮುಂಚೆ. ಹುಳುವಿಗೆ ಚಾಕಿ ಕೇಂದ್ರದಲ್ಲಿ ಮುಂಗಡ ಕಟ್ಟಬೇಕಾಗಿತ್ತು, ಡೇರಿಯ ಹಾಲಿನ ಬಟವಾಡೆ ಬರಲು ಇನ್ನೂ ಒಂದು ವಾರದ ಮೇಲಿತ್ತು, ಕೈಯಲ್ಲಿ 3,000 ಕಡಿಮೆ. ಮಗನ ಪಾಸ್‌ಬುಕ್ಕಿನಲ್ಲಿ 4,850 ಇತ್ತು. ಹುಂಡಿಯಾಗಿದ್ದರೆ ಹೇರ್‌ಪಿನ್ ಹುಡುಕುತ್ತಿದ್ದೆ. ಈ ಹಣಕ್ಕೆ ಅವನ ಸಹಿ ಬೇಕು, ಅವನ ಸಹಿಗೆ ಅವನ ಒಪ್ಪಿಗೆ ಬೇಕು. ಅಂದು ತಿಂಗಳ 27. ಬರೆಯುತ್ತಿದ್ದ ಹೋಂವರ್ಕ್‌ನಿಂದ ತಲೆ ಎತ್ತದೆ ಅವನು ಹೇಳಿದ: “ಕೊಡ್ತೀನಿ ಅಮ್ಮ, ಆದ್ರೆ ಒಂದನೇ ತಾರೀಖಿನವರೆಗೂ ತಡಿ. ಈಗ ತೆಗೆದ್ರೆ ಈ ತಿಂಗಳ ಬಡ್ಡಿ ಹೋಗುತ್ತೆ.” 3,000ಕ್ಕೆ ಒಂದು ತಿಂಗಳ ಬಡ್ಡಿ ಹತ್ತು ರೂಪಾಯಿ. ಹತ್ತು ರೂಪಾಯಿ ನಾನೇ ಕೊಡುತ್ತೇನೆ ಎಂದೆ. “ಹಾಗಲ್ಲ, ಅದು ಪಾಸ್‌ಬುಕ್ಕಲ್ಲಿ ಬರಬೇಕು” ಎಂದ. ಚಾಕಿ ಕೇಂದ್ರದವರಿಗೆ ಫೋನ್ ಮಾಡಿ ನಾಲ್ಕು ದಿನ ಗಡುವು ಕೇಳಿದೆ. ಒಂದನೇ ತಾರೀಖು ಶನಿವಾರವಾಗಿತ್ತು. ಎಸ್‌ಬಿ-7 ತುಂಬಿ, ದುಂಡನೆಯ ಹಳೆಯ ಸಹಿ ಹಾಕಿ ಹಣ ತಂದುಕೊಟ್ಟ. ಬಾಗಿಲ ಹಿಂದಿನ ನೋಟುಪುಸ್ತಕದಲ್ಲಿ ‘ಅಮ್ಮನಿಗೆ ಸಾಲ 3,000, 9ರೊಳಗೆ ವಾಪಸ್’ ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡ. 9 ಏಕೆಂದು ಕೇಳುವ ಅಗತ್ಯವಿರಲಿಲ್ಲ, ನಾನೇ ಹೇಳಿಕೊಟ್ಟ ಲೆಕ್ಕ. ಹಾಲಿನ ಬಟವಾಡೆ ಬಂದದ್ದು 8ರಂದು, ಶನಿವಾರ. ಅವನು ಶಾಲೆ ಮುಗಿಸಿ ಸೈಕಲ್ಲನ್ನು ಗೋಡೆಗೆ ಒರಗಿಸುವ ಮೊದಲೇ ಹಣ ಎಣಿಸಿ ಕೈಗಿಟ್ಟೆ. ಬ್ಯಾಗನ್ನು ಜಗುಲಿಯ ಮೇಲೆ ಎಸೆದು, ಪಾಸ್‌ಬುಕ್ ಅಂಗಿಯೊಳಗೆ ತುರುಕಿಕೊಂಡು, ಕಚೇರಿಯ ಬಾಗಿಲು ಹಾಕುವ ಮುಂಚೆ ಓಡಿದ.